ಇಬ್ಬರೇ ಇದ್ದ ಬ್ಯಾಚು

ಹಿರಿಯರ ಆರೈಕೆಯ ವಿಶೇಷ ತರಬೇತಿಗೆ ಆ ವರ್ಷ ಆಸ್ಪತ್ರೆಗೆ ಬಂದಿದ್ದವರು ಇಬ್ಬರೇ ಡಾಕ್ಟರರು: ಅವಳು, ಅವನು. ಅವಳು ಹತ್ತು ಜನರನ್ನು ನೋಡಿ ಮುಗಿಸುವಷ್ಟರಲ್ಲಿ ಅವನಿನ್ನೂ ಮೊದಲನೆಯ ಅಜ್ಜನ ಪಕ್ಕದಲ್ಲೇ ಕೂತಿರುತ್ತಿದ್ದ. ಅವಳಿಗೆ ಮಿಂಚುಳ್ಳಿ ಎಂದು ಹೆಸರಿಟ್ಟವನೂ ಅವನೇ.

"ಏನ್ರೀ, ಅಜ್ಜನ ಮದುವೆ ಕಥೆ ಮುಗೀತಾ?"

"ಎಲ್ಲಿ ಮಿಂಚುಳ್ಳಿ, ಹುಡುಗಿ ಇನ್ನೂ ಒಪ್ಪೇ ಇಲ್ಲ!"

ಹೀಗಂದು ಕಣ್ಣೆತ್ತಿ ನೋಡುತ್ತಿದ್ದ. ಅಷ್ಟಕ್ಕೇ ಅವಳ ಎದೆ ಡವಡವ.

ವರ್ಷದ ಕೊನೆಗೆ ಒಂದು ಫಾರಂ ಬಂತು: ಜೊತೆಯವರ ಕೆಲಸದ ಬಗ್ಗೆ ಬರೆಯಿರಿ, ನಿಮ್ಮ ಹೆಸರು ಬೇಡ. ಇದ್ದವರೇ ಇಬ್ಬರು, ಹೆಸರು ಮುಚ್ಚಿಟ್ಟು ಮಾಡುವುದೇನು! ಹೊಗಳಿದರೆ ಮನಸ್ಸು ಬಯಲಾದೀತೆಂದು ಅವಳಿಗೆ ಭಯ. ವಾರ್ಡಿನ ನರ್ಸಕ್ಕ ಆಗಲೇ ಇಬ್ಬರನ್ನೂ ನೋಡಿ ಮುಸಿಮುಸಿ ನಗುತ್ತಿದ್ದಳು. ಅದಕ್ಕೇ ಮನಸ್ಸು ಕಲ್ಲು ಮಾಡಿಕೊಂಡು ಬರೆದಳು: 'ಒಬ್ಬ ರೋಗಿಗೆ ನಲವತ್ತು ನಿಮಿಷ. ವಾರ್ಡು ನಡೆಸುವುದು ಇವರಿಂದಾಗದು.'

ಆಡಿದ ಮಾತಾಗಿದ್ದರೆ ಗಾಳಿಗೆ ಹೋಗುತ್ತಿತ್ತು. ಬರೆದದ್ದು ಫೈಲು ಸೇರಿತು, ಅವನಿಗೂ ಓದಿ ಹೇಳಿದರು. ಎರಡನೇ ವರ್ಷಕ್ಕೆ ಅವಳನ್ನು ವಾರ್ಡಿನಲ್ಲಿ ಉಳಿಸಿಕೊಂಡು, ಅವನನ್ನು ದೂರದ ಊರಿಗೆ, ಹಾಸಿಗೆ ಹಿಡಿದವರನ್ನು ಮನೆಮನೆಗೆ ಹೋಗಿ ನೋಡುವ ಕೆಲಸಕ್ಕೆ ಹಾಕಿದರು.

ಹೊರಡುವ ದಿನ ಬೆಳಿಗ್ಗೆ ಅವನು ಡ್ರಾಯರ್ ಖಾಲಿ ಮಾಡುತ್ತಿದ್ದ.

"ನಾನು ಸುಳ್ಳು ಬರೆದೆ," ಎಂದಳು.

"ಎಲ್ಲಿ ಸುಳ್ಳು? ನಲವತ್ತು ಅಂದ್ರೆ ನಲವತ್ತೇ ನಿಮಿಷ. ಲೆಕ್ಕ ಪಕ್ಕಾ." ಅವನ ನಗು ತುಟಿ ದಾಟಲಿಲ್ಲ.

"ಆ ನಲವತ್ತು ನಿಮಿಷದಲ್ಲಿ ನನ್ನ ಕೆಲಸ ಬೇಗ ಮುಗಿಸಿ, ಬಾಗಿಲ ಹತ್ರ ನಿಂತು ನಿಮ್ಮನ್ನೇ ನೋಡ್ತಿದ್ದೆ. ಅದನ್ನ ಬರೀಲಿಲ್ಲ."

ಅವನ ಕೈ ಡ್ರಾಯರಿನಲ್ಲೇ ನಿಂತಿತು.

"ನಾನೂ ಹೇಳ್ಬೇಕು ಅಂತಿದ್ದೆ. ಎರಡನೇ ವರ್ಷದಲ್ಲಿ. ಆತುರ ಯಾಕೆ ಅಂತ..."

"ಹೋಗ್ಬೇಡಿ. ಈಗ್ಲೇ ದೊಡ್ಡ ಡಾಕ್ಟರ್ ಹತ್ರ ಹೋಗಿ ಎಲ್ಲಾ ಹೇಳ್ಬಿಡ್ತೀನಿ."

"ನಿನ್ನೆ ಆಗಿದ್ರೆ ಉಳೀತಿದ್ದೆ. ಸಂಜೆ ಅಲ್ಲಿನೋರಿಗೆಲ್ಲ ಫೋನ್ ಮಾಡಿ, ಬರ್ತೀನಿ ಅಂತ ಮಾತು ಕೊಟ್ಟೆ. ಎದ್ದು ಓಡಾಡೋಕಾಗದವರು ರೀ, ದಾರಿ ಕಾಯ್ತಿರ್ತಾರೆ."

ಮಾತು ಮುರಿದು ಉಳಿಯುವವನಾಗಿದ್ದರೆ ಅವಳು ಮನಸೋಲುತ್ತಲೇ ಇರಲಿಲ್ಲವಲ್ಲ!

ಅವನು ಹೋದ. ರೌಂಡ್ಸ್ ತಪ್ಪಿಸುವಂತಿರಲಿಲ್ಲ. ಕಣ್ಣೊರೆಸಿಕೊಂಡು ಮೊದಲ ಮಂಚದ ಅಜ್ಜಿಯ ತೋಳಿಗೆ ಬಿಪಿ ಪಟ್ಟಿ ಸುತ್ತಲು ಹೋದಳು. ಪಟ್ಟಿ ಎರಡು ಸಲ ಜಾರಿತು. ಅಜ್ಜಿ ಮೆಲ್ಲಗೆ ಕಾಲು ಸರಿಸಿ, ಮಂಚದ ಅಂಚಿನಲ್ಲಿ ಒಂದಿಷ್ಟು ಜಾಗ ಮಾಡಿದಳು.

"ನನ್ನ ಬಿಪಿ ಎಲ್ಲಿಗೂ ಓಡಿಹೋಗಲ್ಲ ಮಗಳೇ. ಕೂತ್ಕೋ ಬಾ. ಮೊದಲು ಅತ್ತು ಮುಗಿಸು."