ಬಾಗಿಲಲ್ಲೇ ಉಳಿದ ಚಪ್ಪಲಿಗಳು

ಮೋಡಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಹಂಸಾವತಿ ಎಂಬ ರಾಜ್ಯದಲ್ಲಿ ದೇವೀರಮ್ಮ ಎಂಬ ಅಕ್ಕ, ಚೆಲುವಯ್ಯ ಎಂಬ ತಮ್ಮ ಇದ್ದರು. ಹೊಳೆಯಾಚೆ, ಪರರಾಜ್ಯದ ರತ್ನಪುರಿಯಲ್ಲಿ ಚೆಲುವಯ್ಯನಿಗೆ ಹೆಣ್ಣು ಗೊತ್ತಾಗಿತ್ತು. ಮದುವೆಗೆಂದು ದೋಣಿಯಲ್ಲಿ ಹೊರಟಾಗ ಮೊಸಳೆಯೊಂದು ಅವರ ಬಟ್ಟೆಯ ಗಂಟನ್ನು ನುಂಗಿ, "ತಪ್ಪಾಯಿತು" ಎಂದು ಹೇಳಿ ಮುಳುಗಿತು. ಬೆಳಗಾದರೆ ಧಾರೆ. ಮದುಮಗನಿಗೆ ಉಟ್ಟ ಒದ್ದೆ ಪಂಚೆಯೊಂದೇ ಗತಿಯಾಯಿತು.

ಪಟ್ಟಣದ ಮೊದಲ ಅಂಗಡಿಯಲ್ಲಿ ಒಂದು ಅಂಗಿಗೆ ಆನೆ ಕೇಳಿದರು. ಎರಡನೆಯದರಲ್ಲಿ ಆನೆಯ ಜೊತೆಗೆ ಮಾವುತನನ್ನೂ ಕೇಳಿದರು. ದೇವೀರಮ್ಮ ಎರಡು ಕಡೆಯೂ ಗಂಟಲು ಹರಿಯುವಂತೆ ಚೌಕಾಸಿ ಮಾಡಿದಳು. ಚೆಲುವಯ್ಯ ನಾಚಿ ಕೆಂಪಾಗಿ, ಮುದುರಿಕೊಂಡು, ಅವಳ ಸೆರಗು ಜಗ್ಗಿ, "ಸಾಕು ಬಾರಕ್ಕ, ಮಾನ ಹೋಗುತ್ತೆ" ಎಂದ. ಚಿಕ್ಕಂದಿನಿಂದಲೂ ಅವನದು ಅದೇ ಪಾಡು.

ಮೂರನೆಯ ಅಂಗಡಿ ಓಣಿಯ ತುದಿಯಲ್ಲಿತ್ತು. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗೆ ಒಬ್ಬ ಗಿರಾಕಿಯೂ ಇಲ್ಲ! ಕಪಾಟಿನ ತುಂಬ ಬಟ್ಟೆ. ಗಾದಿಯ ಮೇಲೆ ಜಂಬುಕ ಎಂಬ ವ್ಯಾಪಾರಿ ನಗುತ್ತ ಕೂತಿದ್ದ. ದೇವೀರಮ್ಮನಿಗೆ ಆಗಲೇ ಅನುಮಾನ ಬಂತು.

"ಈ ಜರಿ ಅಂಗಿಗೆ ಎಷ್ಟಪ್ಪ?"

"ಹತ್ತು ಹಣ, ತಾಯಿ."

"ಎರಡು ಕೊಡ್ತೀನಿ."

"ಆಗಲಿ, ತಗೊಳ್ಳಿ."

ಇವನೆಂಥ ವ್ಯಾಪಾರಿ! ಮಕ್ಕಳ ಮೇಲೆ ಆಣೆ ಇಡಲಿಲ್ಲ, ನಷ್ಟ ಎಂದು ಹಣೆ ಚಚ್ಚಿಕೊಳ್ಳಲಿಲ್ಲ. ದೇವೀರಮ್ಮ ತಮ್ಮನ ಕಡೆ ತಿರುಗಿದಳು.

"ಚೆಲುವ, ಯಾಕೋ ಇದು ಸರಿಯಿಲ್ಲ. ತಡಿ, ಅರಿಶಿನವನ್ನಾದರೂ ಹಚ್ತೀನಿ."

ಅವರ ಕಡೆ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ಯಾರೂ ತೊಡುತ್ತಿರಲಿಲ್ಲ. ಅವಳು ಅರಿಶಿನದ ಭರಣಿ ತೆಗೆದದ್ದೇ ಜಂಬುಕ ಹಿಂದಕ್ಕೆ ಸರಿದ. ಚೆಲುವಯ್ಯನಿಗೆ ಅದೆಲ್ಲಿ ಕಾಣಬೇಕು? ಇನ್ನೊಂದು ಜಗಳ ತಪ್ಪಿತಲ್ಲ ಎಂಬ ಖುಷಿಯಲ್ಲಿ ಅರಿಶಿನಕ್ಕೂ ಕಾಯದೆ ಅಂಗಿ ತೊಟ್ಟೇಬಿಟ್ಟ. ಮರುಕ್ಷಣ ಅಂಗಿ ಖಾಲಿಯಾಗಿ ಗಾದಿಗೆ ಬಿತ್ತು. ಕಪಾಟಿನಲ್ಲಿ ಒಂದು ಬಟ್ಟೆ ಹೆಚ್ಚಾಯಿತು.

"ಇವರೆಲ್ಲ ಅಗ್ಗಕ್ಕೆ ಮರುಳಾದವರೇ," ಎಂದು ಜಂಬುಕ ಕಪಾಟಿನ ಬಟ್ಟೆಗಳನ್ನು ತೋರಿಸಿ ಹಲ್ಲು ಕಿರಿದ. "ಮಾಯೆಗೂ ಒಂದು ಕಟ್ಟಳೆಯಿದೆ. ಯಾವುದಾದರೂ ಒಂದೇ ಬಟ್ಟೆಗೆ ಅರಿಶಿನ ಹಚ್ಚು. ಅದು ನಿನ್ನ ತಮ್ಮನಾದರೆ ಎಲ್ಲರಿಗೂ ಬಿಡುಗಡೆ. ತಪ್ಪಿದರೆ ನೀನೂ ಕಪಾಟಿಗೆ!"

ದೇವೀರಮ್ಮನಿಗೆ ಅಳು ಬಂತು. ಅವಳಿಗೆ ಬರುತ್ತಿದ್ದುದು ಒಂದೇ ವಿದ್ಯೆ. ಕಣ್ಣೊರೆಸಿಕೊಂಡು, ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬಟ್ಟೆಗಳನ್ನು ಹೀಗಳೆಯತೊಡಗಿದಳು.

"ಈ ಶಾಲಾ? ಒಂದೇ ಒಗೆತಕ್ಕೆ ಬಣ್ಣ ಬಿಡುತ್ತೆ." ಶಾಲು ಸುಮ್ಮನಿತ್ತು.

"ಈ ಪೇಟಾನಾ? ಇಲಿ ಕಡಿದಂಗಿದೆ." ಪೇಟವೂ ಸುಮ್ಮನಿತ್ತು.

ನೀಲಿ ನಿಲುವಂಗಿಯೊಂದನ್ನು ಎತ್ತಿ ಹಿಡಿದು, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಇದು ನೆಲ ಒರೆಸೋಕೂ ಆಗಲ್ಲ! ಪುಕ್ಕಟೆ ಕೊಟ್ರೂ ಬೇಡ!"

ನೀಲಿ ಅಂಗಿ ಕೆಂಪಾಯಿತು. ಮುದುರಿಕೊಂಡಿತು. ಅದರ ತೋಳು ಮೆಲ್ಲಗೆ ಚಾಚಿ ಅವಳ ಸೆರಗು ಜಗ್ಗಿತು.

"ನನ್ನಪ್ಪ!" ಎಂದು ದೇವೀರಮ್ಮ ಅರಿಶಿನ ಹಚ್ಚಿದಳು. ಚೆಲುವಯ್ಯ ಎದ್ದು ನಿಂತ. ಕಪಾಟಿನಿಂದ ಜನ ದುಬುದುಬು ಇಳಿದರು. ಬಾಗಿಲಲ್ಲಿ ಚಪ್ಪಲಿಗಾಗಿ ನೂಕುನುಗ್ಗಲಾಯಿತು. ಮಾಯೆ ತನಗೇ ತಿರುಗಿಬಿದ್ದು, ಜಂಬುಕ ನೆಲ ಒರೆಸುವ ಬಟ್ಟೆಯಾಗಿ ಮೂಲೆಯಲ್ಲಿ ಬಿದ್ದ.

ಬಿಡುಗಡೆಯಾದವರಲ್ಲಿ ಬಟ್ಟೆ ವ್ಯಾಪಾರಿಯೊಬ್ಬನಿದ್ದ. ಅಕ್ಕತಮ್ಮಂದಿರನ್ನು ತನ್ನ ಅಂಗಡಿಗೆ ಕರೆದೊಯ್ದು, ರೇಷ್ಮೆ ಪಂಚೆ ಬಿಡಿಸಿ, "ಹತ್ತು ಹಣ" ಎಂದ. ದೇವೀರಮ್ಮ ತಮ್ಮನ ಮುಖ ನೋಡಿದಳು.

"ನಿಧಾನವಾಗಿ ಕೇಳಕ್ಕ," ಎಂದ ಚೆಲುವಯ್ಯ. "ನಾನು ಇಲ್ಲೇ ಕೂತಿರ್ತೀನಿ."

ಅವಳು ಎರಡು ಎಂದಳು. ವ್ಯಾಪಾರಿ ಮಕ್ಕಳ ಮೇಲೆ ಆಣೆಯಿಟ್ಟ, ಹಣೆ ಚಚ್ಚಿಕೊಂಡ, ಎದ್ದು ಹೊರಟವರನ್ನು ಕೂಗಿ ಕರೆದ. ಆಗ ದೇವೀರಮ್ಮನಿಗೆ ನಂಬಿಕೆ ಬಂತು. ಪಂಚೆಯ ಮೂಲೆಗೆ ಅರಿಶಿನ ಬಿತ್ತು, ಬೆಳಗ್ಗೆ ಧಾರೆಯಾಯಿತು, ಎರಡು ರಾಜ್ಯದವರೂ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು.