ಮೂರನೇ ಸುತ್ತಿನ ಮೇಣದಬತ್ತಿ

ಅಮೆರಿಕದ ಅಯೋವಾದಲ್ಲಿರುವ ನಮ್ಮ ಕಾಲೇಜಿನ ಹುಡುಗಿಯರ ಹಾಸ್ಟೆಲ್‌ನಲ್ಲಿ ನಿಶ್ಚಿತಾರ್ಥದ ಸುದ್ದಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಂಜೆ ಊಟವಾದ ಮೇಲೆ ಎಲ್ಲರೂ ಕೆಳಗಿನ ಹಾಲ್‌ನಲ್ಲಿ ದುಂಡಗೆ ಕೂರುತ್ತೇವೆ. ಉರಿಯುವ ಮೇಣದಬತ್ತಿಯೊಂದು ಕೈಯಿಂದ ಕೈಗೆ ಹೋಗುತ್ತದೆ. ಯಾರು ಊದಿ ಆರಿಸುತ್ತಾಳೋ ಅವಳೇ ಮದುಮಗಳು. ಆಮೇಲೆ ಕಿರುಚಾಟ, ಅಳು, ಕೇಕು.

ಆ ಮಾರ್ಚ್ ಸಂಜೆ ಬತ್ತಿ ಹಚ್ಚಿದ್ದು ಯಾರಿಗೆಂದು ಎಲ್ಲರಿಗೂ ಗೊತ್ತಿತ್ತು. ಗೋಡೆ ಬದಿಯ ಕುರ್ಚಿಗಳಲ್ಲಿ ನನ್ನ ಅಮ್ಮ ಮತ್ತು ಪಕ್ಕದ ಹೊಲದ ಕರ್ಟಿಸ್‌ನ ಅಮ್ಮ ಭಾನುವಾರದ ಉಡುಪು ತೊಟ್ಟು ಅಕ್ಕಪಕ್ಕ ಕೂತಿದ್ದರು.

"ಏನೇ ಆರ್ಲಿಸ್, ನಂಗೂ ಹೇಳ್ಲಿಲ್ವಲ್ಲೇ!" ರೂಮ್‌ಮೇಟ್ ಜೋಲೀನ್ ನನ್ನ ತೋಳು ಚಿವುಟಿದಳು. "ಎಲ್ಲಿ ಉಂಗುರ?"

"ಉಂಗುರ ಇಲ್ಲ ಕಣೇ."

"ಬಚ್ಚಿಟ್ಟಿದ್ಯಾ, ಕಳ್ಳಿ!"

ಬಚ್ಚಿಟ್ಟಿರಲಿಲ್ಲ. ಕರ್ಟಿಸ್ ನನ್ನನ್ನು ಕೇಳಿಯೇ ಇರಲಿಲ್ಲ. ಅವನು ನನ್ನ ಅಪ್ಪನನ್ನು ಕೇಳಿದ್ದ, ನಮ್ಮ ಪಾದ್ರಿಯನ್ನು ಕೇಳಿದ್ದ. ನಮ್ಮ ಜೋಳದ ಹೊಲಕ್ಕೂ ಅವರ ಹೊಲಕ್ಕೂ ನಡುವೆ ಇರುವುದು ಒಂದೇ ಬೇಲಿ. ಅದನ್ನು ಯಾವಾಗ ಕೀಳುವುದೆಂದು ಇಬ್ಬರು ಅಪ್ಪಂದಿರೂ ಮಾತಾಡಿ ಮುಗಿಸಿದ್ದರು. ಇಷ್ಟೆಲ್ಲ ಆದ ಮೇಲೆ ನನ್ನನ್ನು ಕೇಳಿಯೂ ಆಗಿರುತ್ತದೆ ಎಂದು ಎರಡೂ ಮನೆಯವರು ತಿಳಿದುಬಿಟ್ಟಿದ್ದರು. ಕರ್ಟಿಸ್ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಬತ್ತಿ ಹೊರಟಿತು. ನನ್ನ ಮನಸ್ಸು ಮಾತ್ರ ಕಾಲೇಜಿನ ಪ್ರಾರ್ಥನಾ ಮಂದಿರ, ಚಾಪೆಲ್‌ನ ಕಡೆ ಓಡಿತು.

ಅಲ್ಲಿ ಆರ್ಗನ್ ನುಡಿಸುವವನು ವೆಂಡೆಲ್, ನನ್ನದೇ ತರಗತಿಯವನು. ಬೆಳಗಿನ ಪ್ರಾರ್ಥನೆಯಲ್ಲಿ ಅವನ ಪಕ್ಕ ನಿಂತು ಹಾಳೆ ತಿರುಗಿಸುವುದು ನನ್ನ ಕೆಲಸ. ನುಡಿಸುವವನ ಬೆನ್ನು ಸಭೆಯ ಕಡೆ ಇರುವುದರಿಂದ, ಪಾದ್ರಿಯ ಸನ್ನೆ ಕಾಣಲೆಂದು ಆರ್ಗನ್ ಮೇಲೆ, ಅವನ ತಲೆಯ ಎತ್ತರದಲ್ಲಿ ಒಂದು ಪುಟ್ಟ ಕನ್ನಡಿ ಇದೆ. ಚಳಿಗಾಲದ ಒಂದು ಬೆಳಿಗ್ಗೆ ಆ ಕನ್ನಡಿ ವಾಲಿತ್ತು. ಅದರಲ್ಲಿ ಪಾದ್ರಿ ಇರಲಿಲ್ಲ, ನಾನಿದ್ದೆ.

"ಕನ್ನಡಿ ಸೊಟ್ಟಗಿದೆ," ಎಂದು ಪಿಸುಗುಟ್ಟಿದೆ.

"ಇಲ್ವಲ್ಲ, ಸರಿಯಾಗೇ ಇದೆ," ಎಂದ. ಕಿವಿ ಮಾತ್ರ ಕೆಂಪಾಗಿತ್ತು. ಅವತ್ತು ಪ್ರಾರ್ಥನೆಯ ಕೊನೆಗೆ ಅವನು ನುಡಿಸಬೇಕಾದ ಆಮೆನ್ ತಡವಾಗಿ ಬಂತು, ಪಾದ್ರಿ ಎರಡು ಸಲ ಕೆಮ್ಮಬೇಕಾಯಿತು.

ಹುಡುಗ ಹುಡುಗಿಯ ರೂಮಿಗೆ ಬಂದರೆ ಬಾಗಿಲು ತೆರೆದಿರಬೇಕು, ಇಬ್ಬರ ಪಾದವೂ ನೆಲದ ಮೇಲಿರಬೇಕು ಎಂದು ನಮ್ಮಲ್ಲಿ ಕಟ್ಟಳೆ. ಕನ್ನಡಿಯ ಬಗ್ಗೆ ಯಾರೂ ಕಟ್ಟಳೆ ಮಾಡಿರಲಿಲ್ಲ. ಅಲ್ಲಿಂದ ಮುಂದೆ ನಾವು ಮಾತಾಡಿದ್ದೆಲ್ಲ ಅದರಲ್ಲೇ. ಬೇಸಿಗೆಗೆ ಓದು ಮುಗಿದರೆ ಅವನು ಮಿಷಿಗನ್‌ನ ಯಾವುದೋ ಚರ್ಚಿಗೆ ಆರ್ಗನ್ ನುಡಿಸಲು, ನಾನು ಬೇಲಿ ಕಿತ್ತ ಹೊಲಕ್ಕೆ.

ಮೊದಲ ಸುತ್ತಿನಲ್ಲಿ ಬತ್ತಿಯನ್ನು ಮುಂದಕ್ಕೆ ದಾಟಿಸಿದೆ. ಕಿಸಿಕಿಸಿ ನಗು. ಎರಡನೇ ಸುತ್ತಿನಲ್ಲೂ ದಾಟಿಸಿದೆ. ಅಮ್ಮನ ಹುಬ್ಬು ಮೇಲೇರಿತು. ಮೂರನೇ ಸಲ ಅದು ನನ್ನ ಕೈಗೆ ಬಂದಾಗ ಬಿಸಿ ಮೇಣ ಬೆರಳಿನ ಮೇಲೆ ಇಳಿಯಿತು. ಉಸಿರು ಬಿಡಲೂ ಹೆದರಿಕೆ. ಒಂದು ಉಸಿರು ಜೋರಾಗಿ ಬಿಟ್ಟರೆ ಸಾಕು, ನನ್ನ ಬದುಕು ತೀರ್ಮಾನವಾದ ಹಾಗೆ.

"ನಾಚ್ಕೋಬೇಡಮ್ಮ, ಊದು," ಎಂದರು ವಾರ್ಡನ್ ಮಿಸೆಸ್ ಡೆಬೋರ್.

"ಊದೇ! ಊದೇ!" ಹುಡುಗಿಯರು ಚಪ್ಪಾಳೆ ತಟ್ಟಿದರು.

"ನನ್ನನ್ನ ಯಾರೂ ಕೇಳಿಲ್ಲ," ಎಂದೆ.

ಚಪ್ಪಾಳೆ ನಿಂತಿತು. ಕರ್ಟಿಸ್‌ನ ಅಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

"ಏನೇ ಹುಡುಗಾಟ ಇದು?" ಅಮ್ಮ ಎದ್ದು ನಿಂತಳು. "ಅಪ್ಪನ್ನ ಕೇಳಿದ್ದಾನಲ್ಲ!"

"ಹಾಗಾದ್ರೆ ಅಪ್ಪನೇ ಬಂದು ಊದ್ಲಿ."

ಜೋಲೀನ್ ಮೂಗಿನಲ್ಲೇ ನಕ್ಕಳು. ಅಲ್ಲೇ ಕೂತರೆ ಎಲ್ಲರೂ ಸೇರಿ ನನ್ನನ್ನು ಸಮಾಧಾನ ಮಾಡಿ ಊದಿಸಿಯೇ ಬಿಡುತ್ತಾರೆ ಎಂದು ಗೊತ್ತಿತ್ತು. ಬತ್ತಿ ಹಿಡಿದುಕೊಂಡೇ ಎದ್ದು ಹೊರಟೆ.

"ಆರ್ಲಿಸ್! ಎಲ್ಲಿಗೇ? ಕೋಟಾದ್ರೂ ಹಾಕ್ಕೊಳೇ!" ಅಮ್ಮ ಹಿಂದಿನಿಂದ ಕೂಗಿದಳು.

ಅಯೋವಾದ ಮಾರ್ಚ್ ಗಾಳಿ ಗೊತ್ತಲ್ಲ, ಅದಕ್ಕೆ ಯಾರ ಮೇಲೂ ಕರುಣೆ ಇಲ್ಲ. ಅಂಗೈ ಸುಟ್ಟರೂ ಬಿಡದೆ ಜ್ವಾಲೆಯನ್ನು ಮುಚ್ಚಿಕೊಂಡು ಹುಲ್ಲುಹಾಸು ದಾಟಿದೆ. ಚಾಪೆಲ್‌ನಲ್ಲಿ ಆರ್ಗನ್ ಗೋಡೆ ನಡುಗುವಷ್ಟು ಜೋರಾಗಿ ನುಡಿಯುತ್ತಿತ್ತು. ಕನ್ನಡಿಯಲ್ಲಿ ಬೆಳಕು ಕಂಡಿರಬೇಕು, ಸದ್ದು ನಡುವೆಯೇ ನಿಂತಿತು.

"ಎಷ್ಟು ಜೋರಾಗಿ ನುಡಿಸ್ತೀಯೋ," ಎಂದೆ.

"ಇವತ್ತು ನಿನ್ನ ಬತ್ತಿ ಅಂತ ಜೋಲೀನ್ ಹೇಳಿದ್ಲು." ಅವನು ತಿರುಗಲಿಲ್ಲ. "ಆ ಕಿರುಚಾಟ ಇಲ್ಲೀತನಕ ಕೇಳ್ಸತ್ತೆ. ಕೇಳ್ಸಬಾರದು ಅಂತ."

"ಯಾರೂ ಕಿರುಚಲಿಲ್ಲ."

"ಯಾಕೆ?"

"ನಿನ್ನ ಪ್ರೀತಿಸ್ತೀನಿ ವೆಂಡೆಲ್. ಅದಕ್ಕೆ."

ಕನ್ನಡಿಗೇ ಹೇಳಿದೆ. ಆಗ ಅವನು ಬೆಂಚಿನ ಮೇಲೆ ಪೂರ್ತಿ ತಿರುಗಿ ಕೂತ. ಇಷ್ಟು ಹತ್ತಿರದಿಂದ ಆ ಕಣ್ಣುಗಳನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ನಾನೂ," ಎಂದ. "ಆ ಕನ್ನಡಿ ಇದ್ಯಲ್ಲ... ನಾನೇ ವಾಲಿಸಿದ್ದು."

"ಗೊತ್ತು. ಸ್ಕ್ರೂಡ್ರೈವರ್ ಬೆಂಚ್ ಮೇಲೇ ಬಿಟ್ಟಿದ್ಯಲ್ಲ, ಪೆದ್ದ."

ಇಬ್ಬರೂ ನಕ್ಕೆವು, ನನಗೆ ಜೊತೆಗೆ ಅಳುವೂ ಬಂತು. ಅವನು ಬತ್ತಿಯನ್ನು ನೋಡಿದ, ನನ್ನ ಬೆರಳ ಮೇಲಿನ ಮೇಣವನ್ನು ಮೆಲ್ಲಗೆ ಬಿಡಿಸಿದ.

"ಇದನ್ನ ಊದ್ತೀಯಾ? ಇಲ್ಲಾ ಹಾಗೇ ಉರೀತಾ ಇರ್ಲಾ? ನಿನಗೇನಿಷ್ಟ ಹೇಳು."

ಇಷ್ಟು ದಿನ ಯಾರೂ ಕೇಳದಿದ್ದ ಮಾತು ಅದು.

"ಇವತ್ತು ಊದಲ್ಲ. ಉರೀಲಿ."

"ಉರೀಲಿ," ಎಂದು ಅವನು ಬೆಂಚಿನಲ್ಲಿ ಜಾಗ ಬಿಟ್ಟ.

ಹೊರಗೆ ಅಮ್ಮ ನನ್ನ ಕೋಟು ಹಿಡಿದು, ಹೆಸರು ಕೂಗುತ್ತಾ ಬರುತ್ತಿದ್ದಳು. ಬತ್ತಿಯನ್ನು ಕನ್ನಡಿಯ ಕೆಳಗೆ ನಿಲ್ಲಿಸಿ, ಅವನ ಪಕ್ಕ ಕೂತು, ಹಾಸ್ಟೆಲ್‌ನ ಹಾಲ್‌ನಿಂದ ಬಿಗಿಹಿಡಿದು ತಂದಿದ್ದ ಉಸಿರನ್ನು ಬಿಟ್ಟೆ. ಜ್ವಾಲೆ ಒಮ್ಮೆ ಬಾಗಿತು, ಆರಲಿಲ್ಲ.