ಬೂದಿಕೋಟೆ ರಸ್ತೆಯ ಇದ್ದಿಲು ಬಸ್ಸು

ಮೊಸರು ಮಾರುವ ಮುದುಕಿ ಮುತ್ಯಾಲಮ್ಮ ಬೂದಿಕೋಟೆ ರಸ್ತೆಯ ತಿರುವಿನಲ್ಲಿ ಸತ್ತು ಬಿದ್ದಿದ್ದಳು. ಗಡಿಗೆ ಚೂರಾಗಿತ್ತು. ಸ್ವಲ್ಪ ಆಚೆ ಹುಣಸೆಮರಕ್ಕೆ ಮೂತಿ ಗುದ್ದಿಕೊಂಡು ಬಸ್ಸು ನಿಂತಿತ್ತು. ಸ್ಟೇರಿಂಗ್ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದವನು ಕೋದಂಡಪ್ಪ. ಸಾರಾಯಿ ನಾತ ರಸ್ತೆಗೇ ಬಡಿಯುತ್ತಿತ್ತು.

ಬಂಗಾರಪೇಟೆಯ ಸಬ್ ಇನ್ಸ್‌ಪೆಕ್ಟರ್ ಶ್ರೀನಿವಾಸಪ್ಪನಿಗೆ ಮೈಯೆಲ್ಲ ಉರಿಯಿತು. ಕುಡಿದು ಬಸ್ಸು ಓಡಿಸಿದ್ದಕ್ಕೆ ಈ ಆಸಾಮಿಯನ್ನು ಆತ ಎರಡು ಸಲ ಹಿಡಿದಿದ್ದ. ಲೈಸೆನ್ಸು ಅಮಾನತಾಗಿತ್ತು. ಆದರೇನು, ನಾಯಿ ಬಾಲ ನೆಟ್ಟಗಾದೀತೇ? ಈ ಸಲ ಜೈಲೇ ಗತಿ.

ನೀರು ಚಿಮುಕಿಸಿ ಎಬ್ಬಿಸಿದರು.

"ಬಸ್ಸು ಯಾಕಲಾ ಮುಟ್ಟಿದೆ?"

"ಗ್ಯಾಪಕ ಇಲ್ಲ ಸ್ವಾಮಿ. ರಾತ್ರಿ ಕುಡ್ದು ಬಸ್ಸಿನ ಇಂದ್ಗಡೆ ಸೀಟಲ್ಲಿ ಮಲಗಿದ್ದೆ, ಅಷ್ಟೆ."

ಆಗ ಮುದುಕಿಯ ಹೆಣ ಕಣ್ಣಿಗೆ ಬಿತ್ತು. ಕೋದಂಡಪ್ಪ ತಲೆ ಚಚ್ಚಿಕೊಂಡ. "ನಾನೇ ಸಾಯಿಸಿರ್ಬೇಕು! ಬೇಡಿ ಆಕಿ ಸ್ವಾಮಿ!" ಬಿಕ್ಕಿ ಬಿಕ್ಕಿ ಅತ್ತು ಹೆಗಲ ಬಿಳಿ ವಲ್ಲಿಗೆ ಸಿಂಬಳ ಸೀಟಿದ.

ಶ್ರೀನಿವಾಸಪ್ಪ ಆ ವಲ್ಲಿಯನ್ನೇ ನೋಡಿದ. ಆಮೇಲೆ ಬಸ್ಸಿನ ಹಿಂಬದಿಗೆ ಹೋದ. ಯುದ್ಧದ ಕಾಲ. ಪೆಟ್ರೋಲು ಸಿಗದೆ, ಬಸ್ಸಿನ ಬೆನ್ನಿಗೆ ಒಲೆ ಕಟ್ಟಿ ಇದ್ದಿಲ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಹೊರಡುವ ಮುಂಚೆ ಇದ್ದಿಲು ಸುರಿದು, ಬೆಂಕಿ ಹಚ್ಚಿ, ಅದು ಹತ್ತಿಕೊಳ್ಳಲು ಕೈಯಿಂದ ಗಾಳಿಚಕ್ರ ತಿರುಗಿಸಬೇಕು.

ಅಷ್ಟರಲ್ಲಿ ಕೋದಂಡಪ್ಪನ ತಮ್ಮ ಅಶ್ವತ್ಥಪ್ಪ ಓಡಿಬಂದ. ಅಣ್ಣನಿಂದಲೇ ಬಸ್ಸು ಕಲಿತು, ಈಗ ಅದೇ ಬಸ್ಸಿಗೆ ಅಣ್ಣನ ಜಾಗದಲ್ಲಿ ಸೇರಿದ್ದ ಡ್ರೈವರು. ಸ್ನಾನ ಮಾಡಿ ನಾಮ ಇಟ್ಟಿದ್ದ. ಅಣ್ಣನನ್ನು ತಬ್ಬಿ ಬೆನ್ನು ಸವರಿದ.

"ಎಂಥ ಕೆಲ್ಸ ಮಾಡ್ಬಿಟ್ಟೆ ಅಣ್ಣಾ!"

"ನೀನೆಲ್ಲಿದ್ದೆ?" ಎಂದ ಶ್ರೀನಿವಾಸಪ್ಪ.

"ಮಾರಿಕುಪ್ಪಂನಲ್ಲಿ, ಎಂಡ್ತಿ ಮನೇಲಿ. ಈಗ್ತಾನೆ ರೈಲು ಇಳ್ದೆ. ಬಸ್ಸು ಮುಟ್ಟಿ ಎಲ್ಡು ದಿನ ಆಯ್ತು ಸ್ವಾಮಿ."

"ಮತ್ತೆ ಬೆಂಕಿ ಹಚ್ಚಿದ್ದು ಯಾರು?"

"ಕ್ಲೀನರ್ ಆರುಮುಗಂ ಅಚ್ಚಿಕೊಟ್ಟಿರ್ಬೇಕು."

* * *

ಕ್ಲೀನರನ್ನು ಹುಡುಕಿಕೊಂಡು ಕಾನ್‌ಸ್ಟೇಬಲ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ಗೆ ಹೋಗಿ ಬಂದ. ಆರುಮುಗಂ ನಿನ್ನೆಯಿಂದ ಅಲ್ಲೇ, ಅತ್ತೆಯ ಸಾವಿನ ಮನೆಯಲ್ಲಿದ್ದ. ಬೀದಿಯವರೆಲ್ಲ ಸಾಕ್ಷಿ.

ಶ್ರೀನಿವಾಸಪ್ಪ ಅಶ್ವತ್ಥಪ್ಪನನ್ನು ಠಾಣೆಗೆ ಕರೆಸಿದ. ಹೊಸ ಬಿಳಿ ಟವಲು ಕೈಗಿಟ್ಟ.

"ಮೂಗು ಸೀಟು."

"ಏನ್ ಸ್ವಾಮಿ?"

"ಸೀಟಲೇ!"

ಸೀಟಿದ. ಟವಲಿಗೆ ಕಪ್ಪಗೆ ಮಸಿ ಹತ್ತಿತು.

"ಬೆಳಿಗ್ಗೆ ಗಾಳಿಚಕ್ರ ತಿರುಗಿಸಿದವನ ಮೂಗಿಂದ ಮಧ್ಯಾಹ್ನದವರೆಗೂ ಮಸಿ ಇಳಿಯುತ್ತೆ," ಎಂದ ಶ್ರೀನಿವಾಸಪ್ಪ. "ಮೈ ತೊಳೆದೆ, ನಾಮ ಇಟ್ಟೆ, ಮೂಗು ಮರೆತೆ. ನಿಮ್ಮಣ್ಣ ಅಷ್ಟು ಅತ್ತರೂ ವಲ್ಲಿ ಬೆಳ್ಳಗೇ ಇತ್ತು. ಅವನು ಬೆಂಕಿ ಹಚ್ಚಲಿಲ್ಲ. ಆರುಮುಗಂ ಊರಲ್ಲೇ ಇರಲಿಲ್ಲ. ಎರಡು ದಿನ ಬಸ್ಸೇ ಮುಟ್ಟದ ನಿನಗೆ ಈ ಮಸಿ ಎಲ್ಲಿಂದ ಬಂತು?"

ಅಶ್ವತ್ಥಪ್ಪ ಟವಲನ್ನು ಮೇಜಿನ ಮೇಲಿಟ್ಟ.

"ಮುದುಕಿ ಅಡ್ಡ ಬಂದ್ಳು ಸ್ವಾಮಿ. ಕೈ ತಪ್ಪೋಯ್ತು. ಅಣ್ಣ ಇಂದ್ಗಡೆ ಸೀಟಲ್ಲಿ ಬಿದ್ದಿದ್ದ. ಅವನ ಎಸ್ರು ಎಂಗೂ ಕೆಟ್ಟೋಗಿತ್ತು. ನನ್ ಲೈಸೆನ್ಸು ಉಳೀಲಿ ಅಂತ ಎಳ್ದು ಮುಂದೆ ಕೂರಿಸ್ದೆ."

ಲಾಕಪ್ಪಿನ ಕಂಬಿ ಹಿಡಿದು ಕೂತು ಕೋದಂಡಪ್ಪ ಎಲ್ಲವನ್ನೂ ಕೇಳಿದ್ದ. ಕುಡಿದ ಅಮಲು ಪೂರ್ತಿ ಇಳಿದಿತ್ತು.

"ಒಂದ್ ಮಾತು ಕೇಳಿದ್ರೆ ನಾನೇ ಒಪ್ಕೋತಿದ್ನಲ್ಲೋ," ಎಂದ. "ಕೊಲೆ ಮಾಡ್ಬಿಟ್ಟೆ ಅಂತ ನಾನು ಅಳ್ತಿದ್ರೆ ಬೆನ್ನು ಸವರ್ತಿದ್ಯಲ್ಲೋ, ಲೇ!"



ಶ್ರೀನಿವಾಸಪ್ಪ ಲಾಕಪ್ಪಿನ ಬೀಗ ತೆಗೆದ. "ನೀನಿನ್ನು ಮನೆಗೆ ಹೋಗಪ್ಪ."

ಕೋದಂಡಪ್ಪ ಕೂತಲ್ಲಿಂದ ಏಳಲಿಲ್ಲ.

"ಯಾರ್ ಮನೆಗೆ ಓಗ್ಲಿ ಸ್ವಾಮಿ? ಕುಡುಕ ಅಂತ ಎಲ್ರೂ ಬಾಗ್ಲು ಆಕಂಡ್ಮೇಲೂ ಒಳಕ್ಕೆ ಕರ್ದು ಅನ್ನ ಇಕ್ತಿದ್ದೋನು ಇವ್ನೊಬ್ನೇ."